ಹಳೇ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನ್: ವರ್ಷಗಟ್ಟಲೆ ಇಟ್ಕೊಂಡು ಓಡಿಸಿದ ಮೇಲೆ ನನ್ನ ರಿವ್ಯೂ

ಹಳೇ ಕ್ಯಾಂಪರ್, ಅಂದ್ರೆ ಒಳಗೇ ಮಲಗಿ ಅಡುಗೆ ಮಾಡ್ಕೊಳ್ಳೋ ಥರದ ವ್ಯಾನ್, ತಗೋಬೇಕು ಅಂತ ವಿಚಾರಿಸೋರು ಮೊದಲು ಕೇಳೋದೇ ಎಂಜಿನ್ ಹೆಂಗಿದೆ, ಎಷ್ಟು ಕಿಲೋಮೀಟರ್ ಓಡಿದೆ ಅಂತ. ನನ್ ಪ್ರಕಾರ ಮೊದಲು ಕೇಳ್ಬೇಕಾಗಿರೋದು ಯಾವ ವರ್ಷದ್ದು ಅಂತ. ಈ ಗಾಡಿ ಹಿಸ್ಟರಿ ಸ್ವಲ್ಪ ಗೊತ್ತಿದ್ರೆ ಸಾಕು, ವರ್ಷ ಕೇಳಿದ ತಕ್ಷಣ ಬ್ರೇಕ್ ಯಾವ ಥರದ್ದು, ಎಷ್ಟು ವೋಲ್ಟಿನ ವೈರಿಂಗು, ಘಾಟಿ ಹತ್ತುವಾಗ ಎಷ್ಟು ತಾಳ್ಮೆ ಬೇಕು ಅನ್ನೋದೆಲ್ಲ ನಿಂತ ಜಾಗದಲ್ಲೇ ಹೇಳ್ಬಹುದು.

ನನ್ನದು 1971ರ ಮಾಡೆಲ್, ಬೇ ವಿಂಡೋ ಅಂತಾರಲ್ಲ, ಮುಂದಿನ ಗಾಜು ಒಂದೇ ಪೀಸಲ್ಲಿ ಉಬ್ಬಿಕೊಂಡಿರೋದು. ಒಳಗೆ ವೆಸ್ಟ್‌ಫಾಲಿಯಾ ಅನ್ನೋ ಜರ್ಮನ್ ಕಂಪನಿಯವರ ಮರದ ಕೆಲಸ, ಮೇಲೆ ಎತ್ತೋ ರೂಫು, ಹಿಂದೆ 1600 ಸಿಸಿ ಏರ್‌ಕೂಲ್ಡ್ ಎಂಜಿನ್. ಮಳೆ ಬಿಸಿಲು ಎಲ್ಲದರಲ್ಲೂ ಓಡಿಸಿದೀನಿ, ಅದರಲ್ಲೇ ಮಲಗಿದೀನಿ, ಅದರ ಕೆಳಗೂ ಮಲಗಿದೀನಿ, ಹಾಗಾಗಿ ಇದು ಶೋರೂಮ್ ನೋಡ್ಕೊಂಡು ಬಂದು ಬರೆದಿರೋ ರಿವ್ಯೂ ಅಲ್ಲ.

ಹಿಸ್ಟರಿ ಸ್ವಲ್ಪ ಹೇಳ್ಲೇಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೆನ್ ಪೊನ್ ಅನ್ನೋ ಡಚ್ ಕಾರ್ ವ್ಯಾಪಾರಿ ಜರ್ಮನಿಯ ವೋಲ್ಫ್ಸ್‌ಬರ್ಗ್‌ನಲ್ಲಿರೋ ಫೋಕ್ಸ್‌ವ್ಯಾಗನ್ ಫ್ಯಾಕ್ಟರಿಗೆ ಹೋಗಿದ್ದಾಗ, ಅಲ್ಲಿಯ ಕೆಲಸಗಾರರು ಸಾಮಾನು ಸಾಗಿಸೋಕೆ ಅಂತ ಬೀಟಲ್ ಕಾರಿನ ಭಾಗಗಳನ್ನೇ ಹಾಕಿ ಮಾಡ್ಕೊಂಡಿದ್ದ ಒಂದು ಚಪ್ಪಟೆ ಗಾಡಿ ನೋಡಿದ್ರು. 1947ರ ಏಪ್ರಿಲ್‌ನಲ್ಲಿ ತಮ್ಮ ನೋಟ್‌ಬುಕ್ಕಲ್ಲಿ ಒಂದು ಡಬ್ಬದಂಥ ವ್ಯಾನಿನ ಚಿತ್ರ ಗೀಚಿದ್ರು, ಹಿಂದೆ ಎಂಜಿನ್, ಮುಂದೆ ಡ್ರೈವರ್, ಮಧ್ಯ ಪೂರ್ತಿ ಖಾಲಿ ಜಾಗ. 1950ರ ಮಾರ್ಚ್‌ನಲ್ಲಿ ಅದೇ ಐಡಿಯಾ ಗಾಡಿಯಾಗಿ ಫ್ಯಾಕ್ಟರಿಯಿಂದ ಹೊರಗೆ ಬಂತು, 1131 ಸಿಸಿ, ಬರೀ 25 ಹಾರ್ಸ್‌ಪವರ್! 1956ರಲ್ಲಿ ಪ್ರೊಡಕ್ಷನ್ ಹ್ಯಾನೋವರ್‌ಗೆ ಹೋಯ್ತು.

ನಂಗೆ ಅತಿ ಇಷ್ಟ ಆಗಿದ್ದು 1951ರ ಕಥೆ. ವೀಡೆನ್‌ಬ್ರೂಕ್ ಊರಿನ ವೆಸ್ಟ್‌ಫಾಲಿಯಾ ಕಂಪನಿಯವರು ಕ್ಯಾಂಪಿಂಗ್ ಬಾಕ್ಸ್ ಅಂತ ಒಂದು ಸೆಟ್ ಮಾಡಿದ್ರು, ವ್ಯಾನಿಗೆ ಇಡೋದು, ಬೇಡ ಅಂದಾಗ ಎತ್ತಿ ತೆಗೆಯೋದು. ವಾರವೆಲ್ಲ ಸರಕು ಹೊರೋ ಗಾಡಿ, ರಜೆ ಬಂತಂದ್ರೆ ಹಾಸಿಗೆ, ಬೀರು, ಒಲೆ. ಯುದ್ಧದಲ್ಲಿ ಎಲ್ಲ ಕಳ್ಕೊಂಡು ಮತ್ತೆ ಬದುಕು ಕಟ್ಟಿಕೊಳ್ತಿದ್ದ ಜನಕ್ಕೆ ದುಡಿಯೋ ಗಾಡಿಯಲ್ಲೇ ರಜೆನೂ ಸಿಗತ್ತೆ ಅನ್ನೋದು ಎಂಥಾ ವಿಷ್ಯ ನೋಡಿ. ಇವತ್ತಿಗೂ ಈ ವ್ಯಾನಿನ ಆಕರ್ಷಣೆ ಬಣ್ಣದಲ್ಲೋ ದುಂಡು ಹೆಡ್‌ಲೈಟಲ್ಲೋ ಇದೆ ಅಂತ ಅಂದ್ಕೊಂಡಿರೋರಿಗೆ ನಾನು ಹೇಳೋದು ಇದನ್ನೇ, ಆ ಮಧ್ಯದ ಖಾಲಿ ಜಾಗನೇ ಇದರ ಜೀವ.

ಈಗ ವರ್ಷದ ಲೆಕ್ಕ. 1967ರ ಮಧ್ಯದವರೆಗೆ ಬಂದಿದ್ದು ಎರಡು ಭಾಗದ ಗಾಜಿನ ಸ್ಪ್ಲಿಟ್ ಸ್ಕ್ರೀನ್, ಅದು ಈಗ ಕಲೆಕ್ಟರ್‌ಗಳ ಕೈಗೆ ಹೋಗ್ಬಿಟ್ಟಿದೆ, ಮೊದಮೊದಲಿನ ಗಾಡಿಗಳಲ್ಲಿ 6 ವೋಲ್ಟ್ ಕರೆಂಟು ಬೇರೆ, ರಾತ್ರಿ ಹೆಡ್‌ಲೈಟ್ ಮಂದ. 1967ರ ಆಗಸ್ಟ್‌ನಿಂದ ಬೇ ವಿಂಡೋ. 1970ರ ಆಗಸ್ಟ್‌ನಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬಂತು, ಎಂಜಿನ್ 50 ಹಾರ್ಸ್‌ಪವರ್ ಆಯ್ತು, ನಾನು ಹುಡುಕಿ ಹುಡುಕಿ 1971ರ ಮಾಡೆಲ್ಲೇ ತಗೊಂಡಿದ್ದು ಇದಕ್ಕೇ, ಹಳೇ ಲುಕ್ಕೂ ಇದೆ ಬ್ರೇಕೂ ಹಿಡಿಯತ್ತೆ. ಮುಂದಿನ ಇಂಡಿಕೇಟರ್ ಕೆಳಗೆ ಬಂಪರ್ ಹತ್ರ ಇದ್ರೆ 1972ರ ಮಾಡೆಲ್‌ವರೆಗಿನದು, ಮೇಲೆ ಗಾಳಿ ಜಾಲರಿಯ ಪಕ್ಕ ಇದ್ರೆ ಆಮೇಲಿಂದು, ದೂರದಿಂದಲೇ ಗೊತ್ತಾಗತ್ತೆ. 1979ರಲ್ಲಿ ಚೌಕಾಕಾರದ ಟಿ3, ಅಂದ್ರೆ ಈ ವ್ಯಾನಿನ ಮೂರನೇ ತಲೆಮಾರು, ಬಂತು, ಮೂರು ವರ್ಷ ಬಿಟ್ಟು ಪೆಟ್ರೋಲ್ ಎಂಜಿನ್ನೂ ವಾಟರ್‌ಕೂಲ್ಡ್ ಆಯ್ತು. ದಿನಾ ಓಡಿಸೋಕೆ ಕ್ಯಾಂಪರ್ ಬೇಕು, ಹೈವೇಲಿ ಹೋಗ್ಬೇಕು ಅನ್ನೋರಿಗೆ ಟಿ3 ವಾಸಿ ಅಂತ ನಾನೇ ಹೇಳ್ತೀನಿ. ಬ್ರೆಜಿಲ್‌ನಲ್ಲಿ ಮಾತ್ರ ಈ ಹಳೇ ಆಕಾರದ ವ್ಯಾನನ್ನ, ಅಲ್ಲಿ ಅದರ ಹೆಸರು ಕೊಂಬಿ, 2013ರ ಕೊನೆವರೆಗೂ ಮಾಡ್ತಾನೇ ಇದ್ರು, ಏರ್‌ಬ್ಯಾಗು, ಎಬಿಎಸ್ ಕಡ್ಡಾಯ ಆಗೋದಿತ್ತು ಅಂತ ನಿಲ್ಲಿಸಿದ್ರು. 2005ರ ಕೊನೆಗೆ ಅದಕ್ಕೆ 1.4 ಲೀಟರ್ ವಾಟರ್‌ಕೂಲ್ಡ್ ಎಂಜಿನ್ ಹಾಕಿದ್ರು, ಮೂತಿ ಮೇಲೆ ಕಪ್ಪು ರೇಡಿಯೇಟರ್ ಜಾಲರಿ ಕಂಡ್ರೆ ಅದು ಆ ಪೈಕಿ ಇರಬಹುದು.

ಓಡಿಸೋದು ಹೆಂಗೆ ಅಂದ್ರೆ, ನೀವು ಕೂರೋದೇ ಮುಂದಿನ ಚಕ್ರದ ಮೇಲೆ, ಸ್ಟೇರಿಂಗ್ ಬಸ್ಸಿನ ಥರ ದೊಡ್ಡದು, ಮಲಗಿರೋ ಥರ ಇರತ್ತೆ, ರಸ್ತೆ ಪೂರ್ತಿ ಕಾಲ ಕೆಳಗಿಂದಲೇ ಹೊರಡೋ ಹಾಗೆ ಕಾಣ್ಸತ್ತೆ, ಆ ವ್ಯೂ ಬೇರೆ ಯಾವ ಗಾಡಿಲೂ ನಂಗೆ ಸಿಕ್ಕಿಲ್ಲ. ಗಂಟೆಗೆ 80 ಕಿಲೋಮೀಟರ್ ಅಂದ್ರೆ ಅದಕ್ಕೂ ಖುಷಿ ನಮಗೂ ಖುಷಿ. ಏರು ಬಂತು ಅಂದ್ರೆ ಮೂರನೇ ಗೇರು, ಜೋರು ಏರಾದ್ರೆ ಎರಡು. ಪಕ್ಕದಿಂದ ಗಾಳಿ ಬೀಸಿದ್ರೆ ಎರಡೂ ಕೈಲಿ ಗಟ್ಟಿಯಾಗಿ ಹಿಡ್ಕೋಬೇಕು. ಸೇಫ್ಟಿ ವಿಷ್ಯ ಮುಚ್ಚಿಡಲ್ಲ, ನಿಮ್ಮ ಮಂಡಿ ಮುಂದೆ ಇರೋದು ತಗಡು, ಅಷ್ಟೇ. ಅದಕ್ಕೇ ಮುಂದಿನ ಗಾಡಿಗೂ ನಮಗೂ ಯಾವಾಗ್ಲೂ ದೊಡ್ಡ ಗ್ಯಾಪ್ ಇಟ್ಕೊಂಡೇ ಹೋಗ್ತೀನಿ, ರಾತ್ರಿ ಹೈವೇ ಹತ್ತಲ್ಲ.

ಮೇಂಟೆನೆನ್ಸ್ ಬಗ್ಗೆ ಹೆದರಿಸೋರು ಬಹಳ ಜನ. ನಿಜ, ಕೆಲಸ ಇದೆ, ಆದ್ರೆ ಎಲ್ಲಾ ಕೈಗೆ ಸಿಗೋ ಕೆಲಸ. ರೇಡಿಯೇಟರ್ ಇಲ್ಲ, ನೀರಿಲ್ಲ, ಕಂಪ್ಯೂಟರ್ ಇಲ್ಲ. ಆಯಿಲ್ ಎರಡೂವರೆ ಲೀಟರ್, ಪೇಪರ್ ಫಿಲ್ಟರೇ ಇಲ್ಲ, ಒಂದು ಜಾಲರಿ ಅಷ್ಟೇ, ಅದಕ್ಕೇ 5000 ಕಿಲೋಮೀಟರ್ ಕಾಯೋದ್ರೊಳಗೇ ಬದಲಾಯಿಸ್ತೀನಿ. ಅದರ ಜೊತೆಗೇ ಟ್ಯಾಪೆಟ್ ಸೆಟ್ಟಿಂಗು, ಅಂದ್ರೆ ವಾಲ್ವಿನ ಗ್ಯಾಪ್ ಸರಿ ಮಾಡೋದು. ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಮಾಡ್ಬೇಕು. ಕೆಳಗೆ ನುಗ್ಗಿ ಸ್ಕ್ರೂಡ್ರೈವರ್‌ನಿಂದ ವಾಲ್ವ್ ಕವರ್ ಹಿಡಿದಿರೋ ತಂತಿ ಕ್ಲಿಪ್ ಕೆಳಕ್ಕೆ ಒತ್ತಿದ್ರೆ ಕವರ್ ಕೈಗೇ ಬರತ್ತೆ, ಒಂದ್ ಸ್ವಲ್ಪ ಆಯಿಲ್ ತೋಳಿಗೆ ಇಳಿಯತ್ತೆ. ಗ್ಯಾಪ್ ಅಳೆಯೋ ತೆಳು ಪಟ್ಟಿ, 0.15 ಮಿಲಿಮೀಟರ್ ಫೀಲರ್ ಗೇಜ್ ತೂರಿಸಿ ಎಳೀಬೇಕು, ಲೂಸಾಗಿ ಜಾರಬಾರದು, ಹಿಡಿದು ನಿಲ್ಲಲೂಬಾರದು, ತುಸು ಬಿಗಿಯಾಗಿ ಬರ್ಬೇಕು. ಪ್ರತಿ ಸಲ ಅದೇ ಎಕ್ಸಾಸ್ಟ್ ವಾಲ್ವಿನ ಗ್ಯಾಪ್ ಕಮ್ಮಿ ಆಗ್ತಾ ಹೋಗ್ತಿದ್ರೆ ಅದು ಎಂಜಿನ್ ಮುಂಚೆನೇ ಕೊಡ್ತಿರೋ ಎಚ್ಚರಿಕೆ, ವಾಲ್ವ್ ಮುರಿದು ಒಳಗೆ ಬೀಳೋಕೆ ಮುಂಚೆ ಹೆಡ್ ಬಿಚ್ಚಿಸಿ. ಮೂರನೇ ಸಿಲಿಂಡರ್ ಕಡೆ ಹೆಚ್ಚು ಗಮನ ಇರ್ಲಿ, ಹಳೇ ಎಂಜಿನ್‌ಗಳಲ್ಲಿ ಆಯಿಲ್ ಕೂಲರ್ ಅದಕ್ಕೆ ಹೋಗೋ ಗಾಳಿಗೇ ಅಡ್ಡ ಇತ್ತು.

ಒಂದು ಮಾತ್ರ ಯಾವತ್ತೂ ಮುಂದೂಡಬೇಡಿ, ಪೆಟ್ರೋಲ್ ಪೈಪು. ಟ್ಯಾಂಕ್ ಹಿಂದೆ, ಎಂಜಿನ್ ಹಿಂದೆ, ಮಧ್ಯ ಇರೋದು ರಬ್ಬರ್ ಹೋಸ್. ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೇ ರಬ್ಬರ್ ಬಿರುಕು ಬಿಡತ್ತೆ, ತೊಟ್ಟಿಕ್ಕಿದ್ದು ಬಿಸಿ ಎಂಜಿನ್ ಮೇಲೆ ಬಿದ್ರೆ ಮುಗೀತು, ಎಂಜಿನ್ ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು, ಅದಕ್ಕೆ ಬೆಂಕಿ ಹತ್ತಿದ್ರೆ ನೀರು ಹಾಕಿ ಆರಿಸೋ ಮಾತೇ ಇಲ್ಲ. ಗಾಡಿ ಮನೆಗೆ ಬಂದ ದಿನವೇ ಎಲ್ಲಾ ಹೋಸು, ಕ್ಲ್ಯಾಂಪು ಹೊಸದು ಹಾಕ್ಸಿ, ಎಥನಾಲ್ ತಡ್ಕೊಳ್ಳೋ ದರ್ಜೆದು. ಫೈರ್ ಎಕ್ಸ್‌ಟಿಂಗ್ವಿಶರ್ ಡ್ರೈವರ್ ಕೈಗೆ ಎಟುಕೋ ಹಾಗೆ ಇರ್ಲಿ.

ಒಳಗಿನ ವಾಸದ ಬಗ್ಗೆ ದೂರೇ ಇಲ್ಲ. ಹಿಂದಿನ ಸೀಟು ಬಿಡಿಸಿದ್ರೆ ಇಬ್ಬರಿಗೆ ಹಾಸಿಗೆ, ರೂಫ್ ಎತ್ತಿದ್ರೆ ನಿಂತ್ಕೊಂಡೇ ಅಡುಗೆ ಮಾಡ್ಬಹುದು, ಮಕ್ಕಳಿಗೆ ಮುಂದಿನ ಸೀಟಿನ ಮೇಲೆ ಅಡ್ಡಕ್ಕೆ ತೊಟ್ಟಿಲ ಥರ ಬಟ್ಟೆ ಕಟ್ಟೋ ವ್ಯವಸ್ಥೆನೂ ಇದೆ. ಕ್ಯಾನ್ವಾಸ್ ಒದ್ದೆ ಇರುವಾಗ ರೂಫ್ ಮುಚ್ಚಿದ್ರೆ ಬೂಷ್ಟು ಗ್ಯಾರಂಟಿ, ಮನೆಗೆ ಬಂದ ಮೇಲೆ ಮತ್ತೆ ಎತ್ತಿ ಒಣಗಿಸಿ.

ತಗೊಳ್ಳೋರಿಗೆ ನನ್ನ ಸಲಹೆ, ದುಡ್ಡು ಗಾಡಿಯ ಬಾಡಿ ಮೇಲೆ ಸುರೀರಿ, ಎಂಜಿನ್ ಮೇಲಲ್ಲ. ಎಂಜಿನ್ ಕೆಲವೇ ಬೋಲ್ಟ್ ಮೇಲೆ ಕೂತಿರತ್ತೆ, ಇಳಿಸಿ ರಿಪೇರಿ ಮಾಡಿಸ್ಬಹುದು, ಬಿಡಿಭಾಗ ಇನ್ನೂ ಹೊಸದಾಗೇ ಸಿಗ್ತವೆ. ತುಕ್ಕು ಹಿಡಿದ ತಳ ಹಂಗಲ್ಲ, ಒಂದು ಕಡೆ ವೆಲ್ಡಿಂಗ್ ಶುರು ಮಾಡಿದ್ರೆ ಪಕ್ಕದ್ದೂ ಕಿತ್ಕೊಂಡು ಬರತ್ತೆ. ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡೋ ಜಾಗ, ಚಕ್ರದ ಕಮಾನು, ಎಂಜಿನ್ ರೂಮಲ್ಲಿ ಬ್ಯಾಟರಿ ಕೂರೋ ತಟ್ಟೆ, ಮುಂದಿನ ಗಾಜಿನ ಕೆಳ ಮೂಲೆ, ರೂಫ್ ಸುತ್ತ ಮಳೆನೀರು ಹರಿಯೋ ಕಾಲುವೆ, ಇಷ್ಟನ್ನೂ ಮುಟ್ಟಿ ನೋಡಿ. ಒಂದು ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ಕೊಂಡು ಹೋಗಿ, ಅದು ಅಂಟದ ಕಡೆ ಬಣ್ಣದ ಕೆಳಗೆ ತಗಡಿಲ್ಲ, ಪುಟ್ಟಿ ಇದೆ. ಹೊಳೆಯೋ ಹೊಸ ಪೇಂಟ್ ಕಂಡ್ರೆ ಇನ್ನೂ ಜಾಸ್ತಿ ಹೊತ್ತು ನೋಡಿ. ಫ್ಯಾಕ್ಟರಿಲಿ ಯಾವ ಬಣ್ಣ, ಯಾವ ಎಂಜಿನ್, ಏನೇನು ಫಿಟ್ಟಿಂಗ್ ಕೊಟ್ಟಿದ್ರು ಅಂತ ಕೋಡ್ ಇರೋ ಚಿಕ್ಕ ತಗಡಿನ ಎಂ ಪ್ಲೇಟ್ ಒಳಗೆ ಇರತ್ತೆ, ಅದರ ಫೋಟೋ ಮೊದಲೇ ಕಳಿಸಿ ಅಂತ ಕೇಳಿ, ಮಾರೋರು ಹೇಳಿದ ಕಥೆಗೂ ಪ್ಲೇಟಿಗೂ ತಾಳೆ ಆದ್ರೆ ಮಾತ್ರ ನೋಡೋಕೆ ಹೋಗಿ.