ಮನೆಯಲ್ಲೇ ಕ್ರೀಮ್ ಮಾಡುವವರಿಗೆ ಗಾಜಿನ ಬೀಕರ್ ಸೆಟ್: ಬೀಕರ್ ಸೂಪರ್, ಸ್ಪಾಚುಲಾ ಬೇಡ

ಈ ಬೋರೋಸಿಲಿಕೇಟ್ (ಬಿಸಿ ತಡೆಯುವ ಗಾಜು) ಸೆಟ್ ಧೈರ್ಯವಾಗಿ ತಗೊಳ್ಳಿ. ಗಾಜಿಗೆ ವಾಸನೆ ಹಿಡಿಯುವುದಿಲ್ಲ, ಎಷ್ಟು ಸಲ ಬೇಕಾದರೂ ಬಳಸಬಹುದು. ಕ್ರೀಮ್‌ಗೆ ಹಾಕುವ ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗಾಗಿ ಬೀಕರ್ ಬಿಸಿ ಇರುವಾಗಲೇ ಟಿಶ್ಯೂನಿಂದ ಒರೆಸಿಬಿಟ್ಟರೆ ಅರ್ಧ ಕೆಲಸ ಮುಗಿಯಿತು, ಆಮೇಲೆ ಪಾತ್ರೆ ಸೋಪು, ಬಿಸಿನೀರು ಸಾಕು. ಮೇಣವನ್ನು ಸಿಂಕಿಗೆ ಬಿಡಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಕ್ರಿಮಿ ಸಾಯಲು 70% ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ ಆರಲು ಬಿಡಿ, ಒಲೆ ಹತ್ತಿರ ಮಾತ್ರ ಬೇಡ. 99% ಇನ್ನೂ ಒಳ್ಳೆಯದು ಅನ್ನಿಸುತ್ತೆ ಅಲ್ವಾ? ಇಲ್ಲ, ಅದು ಬೇಗ ಆವಿಯಾಗಿಬಿಡುತ್ತದೆ. ಸ್ವಲ್ಪ ನೀರು ಇದ್ದರೇ ಬ್ಯಾಕ್ಟೀರಿಯಾ ಚೆನ್ನಾಗಿ ಸಾಯುವುದು. ಬೇಸರ ತರಿಸಿದ್ದು ಜೊತೆಗೆ ಬಂದ ಸಿಲಿಕೋನ್ ಸ್ಪಾಚುಲಾ. ಅದರ ತಲೆ ಕಿತ್ತು ನೋಡಿದರೆ ಒಳಗೆ ಎಣ್ಣೆ, ನೀರು ಎರಡೂ ನಿಂತಿರುತ್ತದೆ. ಒಂದೇ ತುಂಡಿನದು ಬೇರೆ ತಗೊಳ್ಳಿ.