ಹಳೆಯ ಟಾಯ್ ಹಾಲರ್ ಕೊಳ್ಳುವ ಮುಂಚೆ ಗ್ಯಾರೇಜಿನ ಮ್ಯಾಟ್ ಎತ್ತಿ ನೋಡಿ

ನನ್ನ ಪರಿಚಯದಲ್ಲೇ ಮೂರು ಮನೆಯವರು ಈಗ ಹಳೆಯ ಟಾಯ್ ಹಾಲರ್ ಹುಡುಕುತ್ತಿದ್ದಾರೆ. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಮಗಾದ ನಷ್ಟ ಇನ್ನೊಬ್ಬರಿಗೆ ಆಗಬಾರದು.

ನಾವಿರುವುದು ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್. ಅಕ್ಟೋಬರ್ ಬಂದು ಸೆಕೆ ಇಳಿಯಿತು ಅಂದರೆ ಇಲ್ಲಿನ ಜನ ಗಾಡಿ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳ ಕಡೆ ಹೊರಡುತ್ತಾರೆ. ಟಾಯ್ ಹಾಲರ್ ಅಂದರೆ ಪಿಕಪ್ ಟ್ರಕ್ಕಿನ ಹಿಂದೆ ಎಳೆದುಕೊಂಡು ಹೋಗುವ ಟ್ರೈಲರ್ ಮನೆ. ಮುಂದೆ ಅಡುಗೆ, ಬಚ್ಚಲು, ಮಲಗುವ ಜಾಗ. ಹಿಂದೆ ಗ್ಯಾರೇಜ್. ಹಿಂದಿನ ಗೋಡೆಯೇ ಕೆಳಗಿಳಿದು ರ‍್ಯಾಂಪ್ ಆಗುತ್ತದೆ. ಅದರ ಮೇಲೆ ಎಟಿವಿ, ಅಂದರೆ ಮರಳಿನಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು, ಹತ್ತಿಸಿ ಒಳಗೆ ಕಟ್ಟಿಹಾಕುತ್ತೇವೆ. ಅಷ್ಟು ದೊಡ್ಡ ಬಾಗಿಲು, ಅಷ್ಟು ಭಾರ ಹೊರುವ ನೆಲ ಇರುವುದರಿಂದ ಇದು ಹಾಳಾಗುವ ರೀತಿಯೇ ಬೇರೆ.

ನಾನೂ ನನ್ನ ಗೆಳೆಯನೂ ಅರ್ಧ ಅರ್ಧ ಹಾಕಿ 2023ರ ನವೆಂಬರಿನಲ್ಲಿ ಒಂದನ್ನು ಕೊಂಡೆವು. 2014ರ ಮಾಡೆಲ್. 19,000 ಡಾಲರ್. ನೋಡಲು ಹೋದಾಗ ಸಂಜೆ ಐದೂಮುಕ್ಕಾಲು, ಆಗಲೇ ಕತ್ತಲಾಗಿತ್ತು. ಒಳಗೆ ದೀಪ ಹಾಕಿ, ಎಲ್ಲ ಒರೆಸಿ ಇಟ್ಟಿದ್ದರು. ಗ್ಯಾರೇಜಿನಲ್ಲಿ ಹೊಸ ರಬ್ಬರ್ ಮ್ಯಾಟ್. ಏರ್ ಫ್ರೆಶನರ್ ವಾಸನೆ ಜೋರಾಗಿಯೇ ಇತ್ತು. "ನಾಳೆ ಬೆಳಿಗ್ಗೆ ಇನ್ನೊಬ್ಬರು ದುಡ್ಡು ತರುತ್ತಿದ್ದಾರೆ" ಎಂದರು ಮಾರುವವರು. ನಾವು ಅಲ್ಲೇ ಅಡ್ವಾನ್ಸ್ ಕೊಟ್ಟುಬಿಟ್ಟೆವು. ಕತ್ತಲಲ್ಲಿ ನೋಡಿದ್ದು, ಅವಸರದಲ್ಲಿ ಒಪ್ಪಿದ್ದು, ಎರಡೂ ತಪ್ಪು.

ಮೊದಲ ಪ್ರಯಾಣದಲ್ಲೇ ಟೈರ್ ಸಿಡಿಯಿತು. ಐ-8 ಹೆದ್ದಾರಿಯಲ್ಲಿ ಗಿಲಾ ಬೆಂಡ್ ದಾಟಿ ಡೇಟ್‌ಲ್ಯಾಂಡ್ ಇನ್ನೂ ಮುಂದಿದೆ ಅನ್ನುವಾಗ ಧಡ್ ಅಂತ ಶಬ್ದ. ಬಲಗಡೆಯ ಹಿಂದಿನ ಚಕ್ರ. ಟೈರಿನ ಮೇಲ್ಪದರ ಪಟ್ಟಿಯ ಹಾಗೆ ಕಿತ್ತು ಬಂದು, ತಿರುಗುವ ರಭಸಕ್ಕೆ ಫೆಂಡರ್ ಹರಿದು, ಕೆಳಗಿದ್ದ ನೀರಿನ ಪೈಪನ್ನೂ ಒಡೆದುಹಾಕಿತ್ತು. ಮಕ್ಕಳು ಟ್ರಕ್ಕಿನಲ್ಲಿ ಹೆದರಿ ಕೂತಿದ್ದರು. ಪಕ್ಕದಲ್ಲೇ ದೊಡ್ಡ ದೊಡ್ಡ ಲಾರಿಗಳು ಬೀಸಿಕೊಂಡು ಹೋಗುತ್ತಿದ್ದವು. ಆ ಒಂದು ಗಂಟೆ ನನಗೆ ಇವತ್ತಿಗೂ ಮರೆಯಲು ಆಗಿಲ್ಲ.

ಟೈರ್ ನೋಡಲು ಹೊಸದರ ಹಾಗೇ ಇತ್ತು. ಟ್ರೆಡ್, ಅಂದರೆ ನೆಲಕ್ಕೆ ತಾಗುವ ಮೇಲ್ಮೈ, ಸವೆದಿರಲಿಲ್ಲ. ಟ್ರೈಲರ್ ವರ್ಷದಲ್ಲಿ ಹೆಚ್ಚು ದಿನ ನಿಂತೇ ಇರುತ್ತದೆ ಅಲ್ವಾ, ಸವೆಯುವುದು ಎಲ್ಲಿಂದ? ಆದರೆ ಬಿಸಿಲಿಗೆ ರಬ್ಬರ್ ಒಳಗೇ ಸಾಯುತ್ತದೆ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. ನಮ್ಮದರಲ್ಲಿ 1914 ಇತ್ತು. ಅಂದರೆ 2014ರ 19ನೇ ವಾರ ತಯಾರಾದದ್ದು, ಒಂಬತ್ತು ವರ್ಷದ ಟೈರ್. ಐದಾರು ವರ್ಷ ದಾಟಿದ ಟ್ರೈಲರ್ ಟೈರನ್ನು ಟ್ರೆಡ್ ಎಷ್ಟೇ ಚೆನ್ನಾಗಿರಲಿ ಬದಲಾಯಿಸಬೇಕು. ಈ ನಾಲ್ಕು ಅಂಕಿ ಎಷ್ಟೋ ಸಲ ಟೈರಿನ ಒಳಮುಖದಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಹಳೆಯ ಬಟ್ಟೆ ಹಾಕಿಕೊಂಡು ಹೋಗಿ, ಟಾರ್ಚ್ ಹಿಡಿದು ಟ್ರೈಲರಿನ ಕೆಳಗೆ ನುಗ್ಗಿ. ಅಲ್ಲಿಗೆ ಹೋದ ಮೇಲೆ ಟೈರ್ ಒಂದು ಅಂಚಿನಲ್ಲಿ ಮಾತ್ರ ಸವೆದಿದೆಯಾ ನೋಡಿ. ಆಕ್ಸಲ್ ಬಾಗಿದ್ದರೂ ಹಾಗಾಗುತ್ತದೆ. ಸ್ಪ್ರಿಂಗ್ ಪಟ್ಟಿಗಳನ್ನು ಚಾಸಿಗೆ ಜೋಡಿಸುವ ಕಡೆ ವೆಲ್ಡಿಂಗ್ ಬಿರುಕು ಬಿಟ್ಟಿದೆಯಾ ಅಂತಲೂ ನೋಡಿ.

ಟೈರ್ ಸಿಡಿದ ಮೇಲೆ ಭಾರದ ಲೆಕ್ಕ ಹಾಕಲು ಕೂತೆ. ಕೊಳ್ಳುವ ಮುಂಚೆ ಹಾಕಬೇಕಾದ ಲೆಕ್ಕ ಅದು. ನಮ್ಮ ಟ್ರೈಲರ್ ಎಲ್ಲ ತುಂಬಿಕೊಂಡು 9,500 ಪೌಂಡ್ ಮೀರಬಾರದು. ಇದು ಹೊರಗೆ ಎಡಗಡೆ ಮುಂಭಾಗದಲ್ಲಿ ಅಂಟಿಸಿದ ಚೀಟಿಯಲ್ಲೇ ಇರುತ್ತದೆ. ಎಷ್ಟು ಸಾಮಾನು ಹೊರಬಹುದು ಅನ್ನುವುದು ಬಾಗಿಲ ಹತ್ತಿರದ ಹಳದಿ ಚೀಟಿಯಲ್ಲಿತ್ತು: 2,200 ಪೌಂಡ್. ಜಾಸ್ತಿ ಅನ್ನಿಸುತ್ತದೆ. ಎರಡು ಎಟಿವಿಗೆ 1,300 ಹೋಯಿತು. ಒಂದು ಗ್ಯಾಲನ್ ನೀರು 8.3 ಪೌಂಡ್, 80 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 664. ಎಟಿವಿಗೆ ಹಾಕುವ 30 ಗ್ಯಾಲನ್ ಪೆಟ್ರೋಲ್ ಇನ್ನೊಂದು 180. ಅಲ್ಲಿಗೆ 2,144. ಪಾತ್ರೆ, ಹಾಸಿಗೆ, ಕುರ್ಚಿ, ಅಕ್ಕಿ ಬೇಳೆ ಯಾವುದೂ ಇನ್ನೂ ಒಳಗೆ ಬಂದಿಲ್ಲ.

ಟ್ರಕ್ಕಿನ ಲೆಕ್ಕ ಇನ್ನೂ ಕಷ್ಟ. "ನಿಮ್ಮ ಟ್ರಕ್ 11,000 ಪೌಂಡ್ ಎಳೆಯುತ್ತದೆ, ಯೋಚನೆ ಬೇಡ" ಎಂದಿದ್ದರು ಮಾರಿದವರು. ಎಳೆಯುವುದು ನಿಜ. ಆದರೆ ಟ್ರೈಲರಿನ ಮೂತಿ ಟ್ರಕ್ಕಿನ ಮೇಲೆ ಕೂರುತ್ತದೆ, ಸಾಮಾನ್ಯವಾಗಿ ಒಟ್ಟು ಭಾರದ ನೂರಕ್ಕೆ 10ರಿಂದ 15ರಷ್ಟು. ನಮ್ಮದರಲ್ಲಿ 13 ಅಂದುಕೊಂಡರೂ 1,235 ಪೌಂಡ್. ಡ್ರೈವರ್ ಬಾಗಿಲು ತೆಗೆದರೆ ಕಾಣುವ ಚೀಟಿಯ ಪ್ರಕಾರ ನನ್ನ ಟ್ರಕ್ ಹೊರುವುದು 1,600. ನಾವು ನಾಲ್ಕು ಜನ 550. ಎರಡೂ ಸೇರಿ 1,785. ಟ್ರೈಲರ್ ಸಿಕ್ಕಿಸುವ ಹಿಚ್ ಕೊಂಡಿಯದೇ ತೂಕ ಸೇರಿಸುವ ಮುಂಚೆಯೇ ಮಿತಿ ದಾಟಿ ಹೋಗಿತ್ತು. ದಯವಿಟ್ಟು ಎಳೆಯುವ ಅಂಕಿ ಒಂದನ್ನೇ ನಂಬಬೇಡಿ. ಹೆದ್ದಾರಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ತೂಕದ ಕಟ್ಟೆ ಇರುತ್ತದೆ. ಸಣ್ಣ ಖರ್ಚಿನಲ್ಲಿ ನಿಜವಾದ ತೂಕ ಗೊತ್ತಾಗುತ್ತದೆ.

ಜನವರಿಯಲ್ಲಿ ಎರಡು ದಿನ ಮಳೆ ಬಂತು. ಬಾಗಿಲು ತೆಗೆದಾಗ ಒದ್ದೆ ಗೋಣಿಚೀಲದ ವಾಸನೆ. ನಾನು ತೀರ್ಥಹಳ್ಳಿ ಕಡೆಯವನು, ಆ ವಾಸನೆ ಏನು ಹೇಳುತ್ತದೆ ಅಂತ ಚೆನ್ನಾಗಿ ಗೊತ್ತು. ಮ್ಯಾಟ್ ಎತ್ತಿದೆ. ರ‍್ಯಾಂಪ್ ಬಾಗಿಲಿನ ಪಕ್ಕ ಪ್ಲೈವುಡ್ ಕಪ್ಪಾಗಿತ್ತು. ಸ್ಕ್ರೂಡ್ರೈವರ್ ಇಟ್ಟು ಸುಮ್ನೆ ಒತ್ತಿದೆ. ಹಿಡಿಯವರೆಗೂ ಇಳಿಯಿತು. ಹೊರಗೆ ಎಳೆದರೆ ತುದಿಯಲ್ಲಿ ಮರ ನೆನೆದ ಅವಲಕ್ಕಿಯ ಹಾಗೆ ಅಂಟಿಕೊಂಡು ಬಂತು. ಎಟಿವಿ ಕಟ್ಟುವ ಉಕ್ಕಿನ ಬಳೆ ಅಲ್ಲೇ ಒಂದು ಗೇಣು ದೂರದಲ್ಲಿತ್ತು. ಕೈಯಿಂದ ಎಳೆದೆ, ಅಲ್ಲಾಡಿತು. ಅದನ್ನು ಚಾಸಿಗೆ ಬೋಲ್ಟ್ ಹಾಕಿ ಬಿಗಿದಿರಬೇಕು. ಹಿಂದೆ ಯಾರೋ ಅದನ್ನು ಬಿಚ್ಚಿ, ಬರೀ ಮರದ ಸ್ಕ್ರೂ ಹಾಕಿ ಕೂರಿಸಿದ್ದರು. 650 ಪೌಂಡಿನ ಎಟಿವಿಯನ್ನು ಅದರ ನಂಬಿಕೆಯ ಮೇಲೆ ಗ್ಲಾಮಿಸ್ ತನಕ ಕೊಂಡೊಯ್ದು ವಾಪಸ್ ತಂದಿದ್ದೆವು.

ನೀರು ಬಂದದ್ದು ಮೇಲಿನಿಂದ. ಛಾವಣಿಯ ಹಿಂದಿನ ಅಂಚಿಗೆ ಹಾಕಿದ ಸೀಲಂಟ್ ಬಿಸಿಲಿಗೆ ಒಣಗಿ ಸೀಳಿತ್ತು. ಹಿಂದಿನ ಸಣ್ಣ ಕೆಂಪು ದೀಪಗಳ ಸ್ಕ್ರೂ ತೂತುಗಳಲ್ಲೂ ಅದೇ ಕಥೆ. ನೀರು ಗೋಡೆಯ ಒಳಗೇ ಇಳಿದು ಬಾಗಿಲ ಹೊಸ್ತಿಲಿನಲ್ಲಿ ನಿಂತಿದೆ. ರಿಪೇರಿ ಅಂಗಡಿಯವರು 8,400 ಡಾಲರ್ ಹೇಳಿದರು. ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟರು. ಇದ್ದ ಹಾಗೇ ಒಪ್ಪಿಕೊಂಡಿದ್ದೇವೆ ಅಂತ ನಾವೇ ಸಹಿ ಹಾಕಿದ್ದೆವು.

ಹಾಗಾಗಿ ಹಗಲಲ್ಲೇ ಹೋಗಿ. ಏಣಿ ತಗೊಂಡು ಹೋಗಿ ಛಾವಣಿ ನೋಡಿ. ಹೊರಗೋಡೆಗೆ ಕಣ್ಣು ಹತ್ತಿರ ಇಟ್ಟು ಓರೆಯಾಗಿ ನೋಡಿದರೆ ಫೈಬರ್‌ಗ್ಲಾಸ್ ಉಬ್ಬಿರುವುದು ಕಾಣುತ್ತದೆ, ಅಲ್ಲಿ ಒಳಗೆ ನೀರು ಹೋಗಿದೆ ಅಂತಲೇ ತಿಳಿಯಿರಿ. ತೇವ ಅಳೆಯುವ ಮೀಟರ್ ಕಡಿಮೆ ದುಡ್ಡಿಗೇ ಸಿಗುತ್ತದೆ, ನಾಲ್ಕೂ ಮೂಲೆಗೆ ಇಟ್ಟು ನೋಡಿ. ಮ್ಯಾಟ್ ಎತ್ತಲು ಬಿಡದವರ ಹತ್ತಿರ ವ್ಯಾಪಾರ ಬೇಡ. ರ‍್ಯಾಂಪ್ ಇಳಿಸಿ ಅದರ ಮೇಲೆ ನಡೆದಾಡಿ, ಹಿಂಜ್ ಹತ್ತಿರ ಮೆತ್ತಗಾಗುತ್ತದಾ ಗಮನಿಸಿ.

ಫ್ರಿಜ್ ತಣ್ಣಗಾಗಲು ಹಲವು ಗಂಟೆ ಬೇಕು. ಹಿಂದಿನ ದಿನವೇ ಹಾಕಿಡಲು ಹೇಳಿ, ಗ್ಯಾಸ್‌ನಲ್ಲೂ ಕರೆಂಟ್‌ನಲ್ಲೂ ನಡೆಯುತ್ತದಾ ನೋಡಿ. ಜನರೇಟರನ್ನು ಮಾತ್ರ ಮುಂಚೆ ಶುರು ಮಾಡಬೇಡಿ ಅನ್ನಿ. ತಣ್ಣಗಿದ್ದಾಗ ಸ್ಟಾರ್ಟ್ ಆಗಬೇಕು, ಏಸಿ ಹಾಕಿದ ಮೇಲೂ ಅರ್ಧ ಗಂಟೆ ಓಡಬೇಕು.

ಕಾಗದಪತ್ರದಲ್ಲಿ ನಮಗೆ ತೊಂದರೆ ಆಗಲಿಲ್ಲ, ಆದರೂ ಹೇಳುತ್ತೇನೆ. ಗಾಡಿಯ ಗುರುತಿನ ಸಂಖ್ಯೆ, ಅಂದರೆ 17 ಅಕ್ಷರ-ಅಂಕಿಗಳ ವಿನ್ ನಂಬರ್, ಟ್ರೈಲರ್ ಮೇಲೂ ಮಾಲೀಕತ್ವದ ಪತ್ರವಾದ ಟೈಟಲ್ ಮೇಲೂ ಒಂದೇ ಇರಬೇಕು. ಬ್ಯಾಂಕ್ ಸಾಲ ಬಾಕಿ ಇದೆಯಾ ಕೇಳಿ. ಅರಿಜೋನಾದಲ್ಲಿ ಕಾಗದದ ಟೈಟಲ್ ಆದರೆ ಮಾರುವವರ ಸಹಿ ನೋಟರಿ ಅಥವಾ ಎಂವಿಡಿ (ರಾಜ್ಯದ ವಾಹನ ನೋಂದಣಿ ಇಲಾಖೆ) ಏಜೆಂಟ್ ಎದುರಿಗೆ ಆಗಬೇಕು, ಅದಾಗದೆ ಪೂರ್ತಿ ದುಡ್ಡು ಕೊಡಬೇಡಿ.

ಈಗ ನಾವಿಬ್ಬರೂ ವಾರದ ಕೊನೆಯಲ್ಲಿ ಕೂತು ನೆಲವನ್ನು ನಾವೇ ಕಿತ್ತು ಹಾಕುತ್ತಿದ್ದೇವೆ. ಕಟ್ಟುವ ಬಳೆಗಳ ವೆಲ್ಡಿಂಗ್ ಕೆಲಸ ಮಾತ್ರ ಅಂಗಡಿಗೆ ಕೊಟ್ಟಿದ್ದೇವೆ. ನಮ್ಮ ಕಡೆ ಯಾರಾದರೂ ಟ್ರೈಲರ್ ನೋಡಲು ಹೋಗುವುದಿದ್ದರೆ ನನ್ನನ್ನು ಕರೆಯಿರಿ, ಏಣಿ, ಮೀಟರ್, ಸ್ಕ್ರೂಡ್ರೈವರ್ ತಗೊಂಡು ಜೊತೆಗೆ ಬರುತ್ತೇನೆ.