ಮಡಚುವ ತಂತಿಯ ಮೊಲದ ಗೂಡು: ಚೌಕಟ್ಟು ಕೊಳ್ಳಿ, ಒಳಗಿನದನ್ನು ನೀವೇ ಕಟ್ಟಿಕೊಳ್ಳಿ

ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಮೊಲಕ್ಕೆಂದು ಮಾರುವ, 3 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಮಡಚುವ ತಂತಿಯ ಗೂಡು ಕಲಬುರಗಿಯ ನಮ್ಮ ಮನೆಯಲ್ಲಿ ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಕಳೆದಿದೆ. ಇದುವರೆಗೆ ಬೆಸುಗೆ ಬಿಟ್ಟಿಲ್ಲ, ಚಿಲಕ ಸಡಿಲಗೊಂಡಿಲ್ಲ. ಕೆಳಗಿನ ಪ್ಲಾಸ್ಟಿಕ್ ತಟ್ಟೆಯನ್ನು ಹೊರಗೆಳೆದು ತೊಳೆಯುವುದೂ ಸುಲಭ. ಚೌಕಟ್ಟಿನ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ, ಆದರೆ ಜೊತೆಗೆ ಮಾರುವ ಸಲಕರಣೆಗಳ ಬಗ್ಗೆ ಅದೇ ಮಾತನ್ನು ಹೇಳಲಾಗದು.

ಮೊದಲು ಸರಿಪಡಿಸಬೇಕಾದದ್ದು ನೆಲ. ಮೊಲದ ಪಾದಕ್ಕೆ ನಾಯಿ, ಬೆಕ್ಕುಗಳಿಗಿರುವ ಮೆತ್ತನೆಯ ಅಂಗಾಲಿಲ್ಲ, ಕೂದಲಿನ ಹೊದಿಕೆಯಷ್ಟೇ ಇರುತ್ತದೆ; ಸದಾ ಬರಿಯ ಜಾಲರಿಯ ಮೇಲೆ ಕುಳಿತರೆ ಆ ಕೂದಲು ಸವೆದು ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಆದ್ದರಿಂದ ಜಾಲರಿಯ ಬಹುಭಾಗವನ್ನು ಬಣ್ಣ, ವಾರ್ನಿಷ್ ಯಾವುದನ್ನೂ ಹಚ್ಚದ ಪೈನ್ ಹಲಗೆಯಿಂದ ಮುಚ್ಚಿದೆವು. ಪ್ಲೈವುಡ್ ಅಗ್ಗವೆಂಬುದು ನಿಜ, ಆದರೆ ಸಿಕ್ಕಿದ್ದನ್ನೆಲ್ಲ ಕಡಿಯುವ ಪ್ರಾಣಿಯ ಹೊಟ್ಟೆಗೆ ಅದರ ಅಂಟು ಹೋಗಬಾರದು.

ಹತ್ತು ಅಂಗುಲ ಎತ್ತರದಲ್ಲಿ ಒಂದು ಮೂಲೆಗೆ ಸಣ್ಣ ಅಟ್ಟ ಕಟ್ಟಿದ್ದೇವೆ. ಗೂಡಿನ ಕಂಬಿಯನ್ನು ಕೊರೆಯುವ ಅಗತ್ಯವಿಲ್ಲ: ಹಲಗೆಯ ಅಂಚಿಗೆ ಬೋಲ್ಟು ತೂರಿಸಿ, ಕಂಬಿಯ ಹೊರಬದಿಗೆ ದೊಡ್ಡ ವಾಷರ್ ಇಟ್ಟು ನಟ್ಟು ಬಿಗಿದರೆ ಕಂಬಿಯೇ ಅಟ್ಟವನ್ನು ಹಿಡಿದುಕೊಳ್ಳುತ್ತದೆ. ಬೋಲ್ಟಿನ ನಯವಾದ ತಲೆ ಒಳಗಿರಲಿ, ಚೂಪು ತುದಿ ಹೊರಗಿರಲಿ. ಮೊಲ ಮೇಲೆ ಕುಳಿತು ಮನೆಯನ್ನು ನೋಡುತ್ತದೆ, ಕುಕ್ಕರ್ ಕೂಗಿದರೆ ಕೆಳಗೆ ಅಡಗುತ್ತದೆ.

ಹುಲ್ಲಿನ ತೊಟ್ಟಿಯ ವಿಷಯದಲ್ಲಿ ತಯಾರಕರು ಮೊಲವನ್ನು ನೋಡಿಯೇ ಇಲ್ಲವೇನೋ ಅನಿಸುತ್ತದೆ. ಮೊಲ ಹುಲ್ಲು ಮೇಯುತ್ತಲೇ ಹಿಕ್ಕೆ ಹಾಕುವುದರಿಂದ ತೊಟ್ಟಿಯು ಮಲದ ತಟ್ಟೆಯ ಮೇಲೆಯೇ ಇರಬೇಕು. ಇವರು ಕೊಡುವ ಅಂಗೈಯಗಲದ ತೊಟ್ಟಿ ಬಾಗಿಲಿಗೆ ಮಾತ್ರ ಸಿಗುತ್ತದೆ. ನಾವು ಜಾಲರಿಯ ತುಂಡೊಂದನ್ನು ಬಾಗಿಸಿ, ಕತ್ತರಿಸಿದ ತುದಿಗಳನ್ನು ಅರದಿಂದ ಉಜ್ಜಿ ಹೊರಕ್ಕೆ ಮಡಚಿ, ತಟ್ಟೆಯ ಮೇಲ್ಭಾಗಕ್ಕೆ ಬಿಗಿದೆವು. ಅದರ ಕಿಂಡಿಗಳಲ್ಲಿ ಹುಲ್ಲು ಎಳೆಯಲು ಬರುತ್ತದೆ, ತಲೆ ತೂರುವುದಿಲ್ಲ. ಅಂದಿನಿಂದ ಹಿಕ್ಕೆಯ ಹೆಚ್ಚಿನ ಪಾಲು ಒಂದೇ ಕಡೆ ಬೀಳುತ್ತಿದೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಅತ್ಯಂತ ಉಪಯುಕ್ತ ಜೋಡಣೆಯೆಂದರೆ ಶಹಾಬಾದ್ ಕಲ್ಲಿನ ತುಂಡು. ಮೊಲ ಬೆವರಿ ತಣಿಯುವ ಪ್ರಾಣಿಯಲ್ಲ. ಮುಖ್ಯವಾಗಿ ಕಿವಿಗಳ ಮೂಲಕ ಶಾಖವನ್ನು ಬಿಡುತ್ತದೆ. ಎರಡು ತುಂಡುಗಳಿದ್ದರೆ ಒಂದು ನೀರಿನಲ್ಲಿ ತಣಿಯುವಾಗ ಇನ್ನೊಂದನ್ನು ಒರೆಸಿ ಗೂಡಿನ ನೆರಳಿನ ಬದಿಗಿಡಬಹುದು. ಮೂತ್ರದ ಸುಣ್ಣದಂಶ ತಟ್ಟೆಯಲ್ಲಿ ಬಿಳಿಯಾಗಿ ಗಟ್ಟಿಕಟ್ಟಿದಾಗ ವಿನೆಗರ್ ಹಾಕಿದರೆ ಬಿಡುತ್ತದೆ, ಆದರೆ ಶಹಾಬಾದ್ ಕಲ್ಲು ಸ್ವತಃ ಸುಣ್ಣದ ಕಲ್ಲಾದ ಕಾರಣ ಅದಕ್ಕೆ ವಿನೆಗರ್ ತಾಗಿಸಬಾರದು. ಕಲ್ಲೇ ಕರಗಿ ಒರಟಾಗುತ್ತದೆ.

ಜೊತೆಗೆ ಕೊಡುವ ನೀರಿನ ಬಾಟಲಿ ಹನಿಹನಿಯಾಗಿ ಸತಾಯಿಸುತ್ತದೆ. ಉರುಳದಷ್ಟು ಭಾರದ ಪಿಂಗಾಣಿ ಬಟ್ಟಲೇ ಲೇಸು. ಇಷ್ಟೆಲ್ಲ ಮಾಡಿದರೂ ಇದು ಸಣ್ಣ ತಳಿಯ ಮೊಲವೊಂದು ಮಲಗಿ, ಮೇಯುವ ಜಾಗವಷ್ಟೇ. ದಿನವೂ ಕೆಲವು ಗಂಟೆ ಹೊರಗೆ ಬಿಡಲಾಗದವರು ಇದನ್ನು ಕೊಳ್ಳಬಾರದು. 4 ಕಿಲೋ ದಾಟುವ ನ್ಯೂಜಿಲೆಂಡ್ ವೈಟ್ ತಳಿಗಂತೂ ಇದು ಸಾಲದು. ಕೊಳ್ಳುವುದಾದರೆ ಸಲಕರಣೆಗಳಿಲ್ಲದ ಬರಿಯ ಗೂಡನ್ನೇ ಕೇಳಿ; ನಮ್ಮ ಅಂಗಡಿಯವರು ಬೆಲೆ ಇಳಿಸಿ ಕೊಟ್ಟರು.